ನಡುಗೋಡೆಯ ಮೇಲಿನ ಗಾಳಿ

ನನ್ನ ತಂಗಿ ಹಂಸ ಮತ್ತು ಅವಳ ಹತ್ತೊಂಬತ್ತು ದಿನದ ಗಂಡುಮಗು ಸತ್ತದ್ದು 1998ರ ಆಷಾಢದಲ್ಲಿ, ಹೊಳೆನರಸೀಪುರದ ನಮ್ಮ ಮನೆಯ ಬಾಣಂತಿ ಕೋಣೆಯಲ್ಲಿ, ನಡುಹಗಲಿನಲ್ಲಿ. ಎಣ್ಣೆನೀರು ಹಾಕಿಸಿಕೊಂಡು, ಬೆವರಲೆಂದು ಕಂಬಳಿ ಹೊದ್ದು ಮಲಗಿದವಳು ಏಳಲಿಲ್ಲ. ನಾಲ್ಕು ಗಂಟೆಗೆ ಅಮ್ಮ ಬಿಸಿಹಾಲಿನ ಲೋಟ ಹಿಡಿದು ಒಳಗೆ ಹೋದಾಗ ಇಬ್ಬರ ಮೈಯೂ ತಣ್ಣಗಾಗುತ್ತಿತ್ತು. ಅಮ್ಮನಿಗೂ ಆ ಮಧ್ಯಾಹ್ನ ತಲೆಸುತ್ತು ಬಂದು ಎರಡು ಸಲ ವಾಂತಿಯಾಗಿತ್ತು. ಪಿತ್ತ ಎಂದುಕೊಂಡು ನಡುಮನೆಯಲ್ಲಿ ಚಾಪೆ ಹಾಸಿ ಮಲಗಿದ್ದರಂತೆ.

ಅಗ್ಗಿಷ್ಟಿಕೆಯ ಕೆಂಡದ ಹೊಗೆಯಿಂದ ಹೀಗಾಗಿರಬೇಕು ಎಂದು ಮೊದಲು ಎಲ್ಲರೂ ಹೇಳಿದರು. ಶವಪರೀಕ್ಷೆಯ ವರದಿ ಬೇರೆ ಹೇಳಿತು. ಕಾಳಿನ ಹುಳ ಸಾಯಿಸಲು ಇಡುವ ಮಾತ್ರೆಯಿಂದ ಹೊರಡುವ ವಿಷಗಾಳಿ. ಆಗ ನಾವು ಗೋಡೆಯ ಆಚೆ ಕಡೆ ನೋಡಿದೆವು.

ಎರಡೂ ಕಡೆ ಸೇರಿ ಅದು ನನ್ನ ತಾತನ ಮನೆ. ಅಪ್ಪ ಮತ್ತು ದೊಡ್ಡಪ್ಪ ಅದನ್ನು ಪಾಲು ಮಾಡಿಕೊಂಡದ್ದು 1974ರಲ್ಲಿ. ಮನೆ ಪಾಲಾದರೂ ಸೂರನ್ನು ಸೀಳಬಾರದು, ಹಿರಿಯರ ತಿಥಿ ನಡೆದ ಮಾಡಿನ ಕೆಳಗೆ ಗೋಡೆ ನೆತ್ತಿ ಮುಟ್ಟಬಾರದು ಎಂದು ನಮ್ಮ ಮನೆಯವರ ನಂಬಿಕೆ. ಹಾಗಾಗಿ ನಡುಗೋಡೆಯನ್ನು ಅಟ್ಟದ ಮಟ್ಟಕ್ಕೆ ನಿಲ್ಲಿಸಿದರು. ಅದರ ಮೇಲಿನ ಅಟ್ಟವೂ ಹೆಂಚಿನ ಮಾಡೂ ಎರಡು ಮನೆಗೂ ಒಂದೇ ಆಗಿ ಉಳಿಯಿತು. ದೊಡ್ಡಪ್ಪ ಮೈಸೂರು ಸೇರಿದ ಮೇಲೆ ಅವರ ಪಾಲನ್ನು ಚನ್ನರಾಯಪಟ್ಟಣದ ವ್ಯಾಪಾರಿ ಚಂದ್ರಶೇಖರಯ್ಯ ಕೊಂಡ. ಚೀಲಗಳನ್ನು ಎತ್ತರಕ್ಕೆ ಅಟ್ಟಿ ಹಾಕಲೆಂದು ತನ್ನ ಕಡೆಯ ಅಟ್ಟದ ಹಲಗೆಗಳನ್ನು ಕೀಳಿಸಿ, ಹುರುಳಿ ಅವರೆ ತುಂಬುವ ಗೋಡೌನು ಮಾಡಿದ. ನಮ್ಮ ಕಡೆಯ ಅಟ್ಟ ಹಾಗೆಯೇ ಇತ್ತು. ಗೋಡೆಯ ಮೇಲಿನ ಆ ತೆರೆದ ಜಾಗವನ್ನು ಮುಚ್ಚಬೇಕೆಂದು ಯಾರಿಗೂ ಅನ್ನಿಸಲಿಲ್ಲ, ನನಗೂ.

ಸಾವಿನ ದಿನ ಬೆಳಿಗ್ಗೆ ಏಳು ಗಂಟೆಗೆ ಹರದನಹಳ್ಳಿಯ ಹಮಾಲಿ ಪಾಲಾಕ್ಷ ಗೋಡೌನಿನಲ್ಲಿ ಮಾತ್ರೆ ಇಟ್ಟು, ಬಾಗಿಲ ಸಂದಿಗೆ ಕಾಗದ ಅಂಟಿಸಿ, ಸಗಣಿ ಮೆತ್ತಿ ಹೋಗಿದ್ದ. ಒಂದು ಡಬ್ಬಿ ಮಾತ್ರೆ ಇಡು ಎಂದು ಹೇಳಿದ್ದೆ, ಅವನು ಮೂರು ಇಟ್ಟಿದ್ದಾನೆ ಎಂದು ಚಂದ್ರಶೇಖರಯ್ಯ ಹೇಳಿಕೆ ಕೊಟ್ಟ. ಗೋಡೌನಿನ ಮೂಲೆಯಲ್ಲಿ ಮೂರು ಖಾಲಿ ಡಬ್ಬಿ ಸಿಕ್ಕಿದ್ದವು. ಮೂರು ಇಟ್ಟಿದ್ದರೆ ತಪ್ಪು ಪಾಲಾಕ್ಷನದು, ಒಂದೇ ಇಟ್ಟಿದ್ದರೆ ಇಡಲು ಹೇಳಿದ ಧಣಿಯದು. ಪೊಲೀಸರು ಪಾಲಾಕ್ಷನನ್ನು ಹಿಡಿದರು.

ನಾನು ಹಾಸನದ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಮೆಕ್ಯಾನಿಕಲ್ ವಿಭಾಗದ ಉಪನ್ಯಾಸಕ. ಕಟ್ಟಡದ ಒಂದು ಮೂಲೆಯಲ್ಲಿ ಎದ್ದ ಹೊಗೆ ಯಾವ ಕೋಣೆಗೆ ಎಷ್ಟು ಹೊತ್ತಿಗೆ ಎಷ್ಟು ತಲುಪುತ್ತದೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು ನನ್ನ ಎಂ.ಟೆಕ್. ಪ್ರಾಜೆಕ್ಟಾಗಿತ್ತು. ಹದಿಮೂರನೇ ದಿನದ ಕರ್ಮ ಮುಗಿಸಿ ಹಾಸನಕ್ಕೆ ಹೊರಟಾಗ ಸಬ್‌ಇನ್ಸ್‌ಪೆಕ್ಟರು ಬಸ್‌ಸ್ಟ್ಯಾಂಡಿನವರೆಗೂ ಬಂದರು.

"ಮೇಷ್ಟ್ರೇ, ನಿಮ್ಮ ಕಂಪ್ಯೂಟರು ಮೂರು ಡಬ್ಬಿ ಅಂತ ಹೇಳುತ್ತಾ?"

"ಇಟ್ಟಿದ್ದು ಮೂರಾದರೆ ಹೇಳುತ್ತೆ."

"ಹೇಳಿಸಿ. ಆ ನನ್ಮಗ ಒಂದೇ ಒಂದೇ ಅಂತ ಜಪ ಮಾಡ್ತವ್ನೆ."

ಹೇಳಿಸಬೇಕೆಂದೇ ನಾನೂ ಕೂತೆ. ಅದನ್ನು ಮುಚ್ಚಿಡುವುದಿಲ್ಲ.

ವಿಧಾನ ಸರಳವಾದದ್ದು. ಪ್ರತಿ ಕೋಣೆಯೂ ಒಂದು ಪೆಟ್ಟಿಗೆ. ಬಾಗಿಲು, ಕಿಟಕಿ, ಹೆಂಚಿನ ಸಂದಿ, ಹಲಗೆಯ ಬಿರುಕು, ಇವೆಲ್ಲ ಪೆಟ್ಟಿಗೆಗಳ ನಡುವಿನ ತೂತುಗಳು. ಒಳಗೆ ಹೊರಗೆ ಎಷ್ಟು ಬಿಸಿ, ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ಕೊಟ್ಟರೆ ಯಾವ ತೂತಿನಿಂದ ಎಷ್ಟು ಗಾಳಿ ಯಾವ ದಿಕ್ಕಿಗೆ ಹರಿಯುತ್ತದೆ ಎಂದು ಪ್ರೋಗ್ರಾಮು ನಿಮಿಷ ನಿಮಿಷಕ್ಕೂ ಹೇಳುತ್ತದೆ. ನಾನು ಟೇಪು ಹಿಡಿದು ಎರಡೂ ಮನೆ ಅಳೆದೆ. ಹಂಸಳ ಮಂಚದ ಕೆಳಗಿನ ನೆಲವನ್ನೂ ಅಳೆದೆ. ಬಾಣಂತಿ ಕೋಣೆ ಮೊದಲು ಉಗ್ರಾಣವಾಗಿತ್ತು, ಅಟ್ಟಕ್ಕೆ ಹತ್ತುವ ಬಾಯಿ ಅಲ್ಲಿಯೇ ಇತ್ತು. ಅದು ತೆರೆದಿರುವುದನ್ನು ನೋಡಿ ಹಾಗೆಯೇ ಬರೆದುಕೊಂಡೆ.

ಮೂರು ಡಬ್ಬಿ ಕೊಟ್ಟು ನಡೆಸಿದೆ. ಉತ್ತರ ಕೂಡಿಬರಲಿಲ್ಲ. ಅಟ್ಟದಿಂದ ಇಳಿದ ವಿಷಗಾಳಿ ನಡುಮನೆಗೂ ಬಾಣಂತಿ ಕೋಣೆಗೂ ಹೆಚ್ಚು ಕಡಿಮೆ ಒಂದೇ ಪ್ರಮಾಣದಲ್ಲಿ ಹೋಗುತ್ತಿತ್ತು. ಡಬ್ಬಿ ಹೆಚ್ಚು ಮಾಡಿದರೆ ಅಮ್ಮನೂ ಸಾಯಬೇಕಿತ್ತು. ಕಡಿಮೆ ಮಾಡಿದರೆ ಮೂವರಿಗೂ ತಲೆನೋವಷ್ಟೇ. ಇಬ್ಬರು ಸತ್ತು ಒಬ್ಬರು ಉಳಿಯುವ ಲೆಕ್ಕ ಯಾವ ಸಂಖ್ಯೆಗೂ ಬರಲಿಲ್ಲ. ಒಂದೂವರೆ ತಿಂಗಳು ಹೀಗೆಯೇ ಹೋಯಿತು.

ಆ ನಡುವೆ ಪಾಲಾಕ್ಷ ಜಾಮೀನಿನ ಮೇಲೆ ಹೊರಬಂದು, ಒಂದು ದಿನ ಕಾಲೇಜಿನ ಗೇಟಿನ ಹತ್ತಿರ ನಿಂತಿದ್ದ. ಮೂವತ್ತೈದರ ಆಳು, ಹೆಗಲ ಮೇಲೆ ಚೀಲ ಹೊತ್ತು ಹೊತ್ತು ಕತ್ತು ಒಂದು ಕಡೆಗೆ ವಾಲಿತ್ತು. ನಾನು ಸೈಕಲ್ಲು ನಿಲ್ಲಿಸಲಿಲ್ಲ. ಅವನು ಪಕ್ಕದಲ್ಲೇ ನಡೆದ.

"ಸಾ, ಎಲ್ಡ್ ಮಾತು. ನೀವು ಅದೇನೋ ಮಿಸಿನ್ನಲ್ಲಿ ಲೆಕ್ಕ ಆಕ್ತಾ ಇದೀರಂತೆ."

"ಕೋರ್ಟಲ್ಲಿ ಹೇಳು ಏನಿದ್ರೂ."

"ಅಲ್ಲೇಳದು ವಕೀಲ್ರು. ನಾನ್ ನಿಮ್ಗೇಳ್ತೀನಿ. ಒಂದೇ ಡಬ್ಬಿ ಸಾ ನಾ ಇಕ್ಕಿದ್ದು. ಮಿಕ್ಕಿದ್ ಎಲ್ಡೂ ಹಳೇವು. ಮೊಳೆ ಆಕಿಡಕೆ ಮಡಗಿದ್ದೆ. ಹಿಂದ್ಕೂ ಎಲ್ಡ್ ಸಲ ಇಕ್ಕಿವ್ನಿ, ಯಾರ್ಗೂ ಒಂದ್ ಕೆಮ್ಮೂ ಬಂದಿರ್ನಿಲ್ಲ."

"ಪಕ್ಕದ ಮನೆಯವರಿಗೆ ಹೇಳಬೇಕು ಅನ್ನಿಸಲಿಲ್ವಾ ನಿನಗೆ?"

ಅವನು ನಿಂತ. "ಧಣಿ ಏಳ್ತೀನಿ ಅಂದ್ರು ಸಾ. ನಂಗೂ ಎಲ್ಡ್ ಹೆಣ್ಮಕ್ಳವೆ. ನಾ ಒಳೀಕೋದ್ರೆ ಅವು ಯಾರ್ ಮನೆ ಬಾಗ್ಲಿಗೋಯ್ತವೆ?"

ಸೈಕಲ್ಲು ತುಳಿದುಕೊಂಡು ಹೋದೆ. ಅವನ ಮಾತನ್ನು ನಂಬಲಿಲ್ಲ. ಆದರೆ ಹಿಂದೆ ಎರಡು ಸಲ ಇಟ್ಟಾಗ ಏನೂ ಆಗಿರಲಿಲ್ಲ ಎಂಬುದು ತಲೆಯಲ್ಲಿ ಉಳಿಯಿತು. ಅದು ನಿಜವೇ. ಆಗ ಅಮ್ಮ ಅಲ್ಲೇ ಇದ್ದರು.

ಲ್ಯಾಬಿನಲ್ಲಿ ನನ್ನ ಪಕ್ಕದ ಮೇಜು ದೇವರಾಜನದು. ದುದ್ದದ ಕಡೆಯವನು, ಬಾಯ್ಲರಿನ ವಿಷಯದಲ್ಲಿ ಅವನನ್ನು ಮೀರಿಸುವವರು ವಿಭಾಗದಲ್ಲಿ ಇರಲಿಲ್ಲ. ನನ್ನ ಕಾಗದದ ಮೇಲಿನ ಮನೆಯ ನಕ್ಷೆಯನ್ನು ದಿನವೂ ನೋಡುತ್ತಿದ್ದವನು ಒಂದು ಸಂಜೆ ಕುರ್ಚಿ ಎಳೆದುಕೊಂಡ.

"ಅಲ್ಲಯ್ಯಾ ಆತ್ರೇಯ, ಇದು ಬಾಣಂತಿ ಮನೆಯೋ, ತಿಮ್ಮಪ್ಪನ ಛತ್ರವೋ?"

"ಯಾಕೆ?"

"ಕಿಟಕಿ ಎಲ್ಲ ತೆಗೆದಿಟ್ಟಿದೀಯ. ನಮ್ಮವ್ವ ಆಗಿದ್ರೆ ನಿನ್ನ ಮೊರದಲ್ಲಿ ಹೊಡಿಯೋರು. ಬಾಣಂತಿ ಕೋಣೇಲಿ ಗಾಳಿ ಆಡಕ್ಕೆ ಬಿಡ್ತಾರಾ ಯಾರಾದ್ರೂ?" ಪೆನ್ಸಿಲಿನಿಂದ ಬಚ್ಚಲನ್ನು ತೋರಿಸಿದ. "ಇಲ್ಲಿ ಹಂಡೆ ಒಲೆ ಇಲ್ವಾ? ಅದಕ್ಕೆ ಹೊಗೆ ಕೊಳವೆ ಇಲ್ವಾ?"

"ಇದೆ."

"ಒಲೆ ಉರಿತಿದ್ರೆ ಕೊಳವೆ ಗಾಳಿ ಎಳೆಯುತ್ತೆ ತಾನೇ. ಎಲ್ಲಿಂದ ಎಳೆಯುತ್ತೆ? ಕಿಟಕಿ ಬಾಗಿಲು ಮುಚ್ಚಿದ ಮೇಲೆ ಎಲ್ಲಿ ತೂತಿದೆಯೋ ಅಲ್ಲಿಂದ." ಅಷ್ಟು ಹೇಳಿದ ಮೇಲೆ ತಾನು ಹೇಳಿದ್ದೇನೆಂದು ಅವನಿಗೂ ಹೊಳೆಯಿತು. ಪೆನ್ಸಿಲು ಕೆಳಗಿಟ್ಟು, "ಬಿಡಯ್ಯಾ, ನಾನೇನೋ ಬಾಯಿಗೆ ಬಂದಿದ್ದು ಹೇಳ್ದೆ," ಎಂದು ಎದ್ದು ಹೋದ.

ಬಚ್ಚಲಿಗೆ ಬಾಗಿಲಿದ್ದದ್ದು ಬಾಣಂತಿ ಕೋಣೆಯಿಂದ.

ಆ ಭಾನುವಾರ ಹೊಳೆನರಸೀಪುರಕ್ಕೆ ಹೋದೆ. ಅಪ್ಪ ಹೋದ ಮೇಲೆ, ಹಂಸಳನ್ನು ಬಾಣಂತನಕ್ಕೆ ಕರೆತರುವವರೆಗೂ ಅಮ್ಮ ಆ ಮನೆಯಲ್ಲಿ ಒಬ್ಬರೇ ಇದ್ದರು. ಹೆಸರು ಕನಕಲಕ್ಷ್ಮಿ. ಮೂವತ್ತೊಂದು ವರ್ಷ ಮಿಡ್ಲ್ ಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತರಾಗಿದ್ದರು. ಸತ್ತ ದಿನದ ವಿವರ ಇನ್ನೊಮ್ಮೆ ಬರೆದುಕೊಳ್ಳಬೇಕು, ಕೇಸಿಗೆ ಎಂದೆ. ಯಾವ ಕೇಸಿಗೆ ಯಾರ ಪರ ಎಂದು ಅವರು ಕೇಳಲಿಲ್ಲ. ಸೊಪ್ಪು ಬಿಡಿಸುತ್ತಾ ಕೂತಿದ್ದರು.

"ಬಾಣಂತಿ ಕೋಣೆ ಕಿಟಕಿ ತೆಗೆದಿತ್ತಾಮ್ಮ?"

"ತೆಗೀತಾರೇನೋ? ಹೊರಗೆ ಜಡಿ ಮಳೆ. ಎರಡೂ ಕಿಟಕಿಗೆ ಚಿಲಕ ಹಾಕಿ, ಸಂದಿಗೆ ಹಳೇ ಪಂಚೆ ಹರಿದು ತುರುಕಿದ್ದೆ. ಒಂದು ಸೂಜಿಯಷ್ಟೂ ಗಾಳಿ ಬರ್ತಿರ್ಲಿಲ್ಲ."

"ನಡುಮನೆ ಬಾಗಿಲು?"

"ಮುಚ್ಚಿತ್ತು. ಕೆಳಗೆ ಸಂದಿಗೆ ಗೋಣಿತಾಟು ಮಡಿಸಿ ಇಟ್ಟಿದ್ದೆ. ಶೀತ ಹರಿಯೋದೇ ನೆಲದ ಮೇಲೆ ಕಣೋ."

"ಬಚ್ಚಲಿನ ಬಾಗಿಲು?"

"ಅದು ತೆಗೆದೇ ಇತ್ತು. ಒಲೆ ಕಾವು ಕೋಣೆಗೂ ಬರ್ಲಿ ಅಂತ."

"ಒಲೆ ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನವರೆಗೆ?"

ಅವರು ಸೊಪ್ಪಿನಿಂದ ಕೈ ತೆಗೆದು ಯೋಚಿಸಿದರು. ಅಂದಾಜಿನಲ್ಲಿ ಏನನ್ನೂ ಹೇಳುವವರಲ್ಲ. "ಒಂಬತ್ತಕ್ಕೆ ಹಚ್ಚಿದೆ. ಹನ್ನೊಂದಕ್ಕೆ ಅವಳಿಗೆ ನೀರಾಯ್ತು. ಆಮೇಲೆ ಮಗೂ ಬಟ್ಟೆ ಕುದಿಸೋಕೆ ಅಂತ ಕೊರಡು ತುಂಬಿ ಬಿಟ್ಟೆ. ನಾಲ್ಕು ಗಂಟೆಗೂ ಕೆಂಡ ಇತ್ತು."

"ವಾಸನೆ ಏನಾದ್ರೂ ಬಂದಿತ್ತಾ?"

"ಬೆಳ್ಳುಳ್ಳಿ ವಾಸನೆ. ಮಧ್ಯಾಹ್ನದ ಹೊತ್ತಿಗೆ ಜೋರಾಗಿಯೇ ಬಂತು. ಬಾಣಂತಿ ಮನೆಯಲ್ಲವೇನೋ, ಬೆಳಿಗ್ಗೆ ತಾನೇ ಅವಳಿಗೆ ಬೆಳ್ಳುಳ್ಳಿ ಸುಟ್ಟು ಕೊಟ್ಟಿದ್ದೆ."

ನಮ್ಮ ಮನೆಗಳಲ್ಲಿ ಬೆಳ್ಳುಳ್ಳಿ ಒಳಗೆ ಬರುವುದು ಬಾಣಂತಿಗಾಗಿ ಮಾತ್ರ. ಆ ಮಾತ್ರೆಯ ಗಾಳಿಗೂ ಅದೇ ವಾಸನೆ. ಬೇರೆ ಯಾವ ದಿನ ಆ ವಾಸನೆ ಬಂದಿದ್ದರೂ ಅಮ್ಮ ಎದ್ದು ಎಲ್ಲಿಂದ ಎಂದು ಹುಡುಕುತ್ತಿದ್ದರು.

ನಾನು ಬರೆದುಕೊಂಡೆ. ಪ್ರತಿ ಉತ್ತರಕ್ಕೂ ನನ್ನ ನೋಟ್‌ಬುಕ್ಕಿನಲ್ಲಿ ಒಂದೊಂದು ತೂತು ಮುಚ್ಚುತ್ತಾ ಹೋಯಿತು. "ಏನೂ ಕಡಿಮೆ ಮಾಡ್ಲಿಲ್ಲ ಕಣೋ ಆತ್ರೇಯ," ಎಂದರು ಅಮ್ಮ. "ನನಗೆ ನಮ್ಮಮ್ಮ ಮಾಡಿದ್ದಕ್ಕಿಂತ ಒಂದು ಕೈ ಹೆಚ್ಚೇ ಮಾಡಿದೆ ಅವಳಿಗೆ."

ಮಾರನೆಯ ದಿನ ಆ ಸಂಖ್ಯೆಗಳನ್ನು ಕೊಟ್ಟು ಪ್ರೋಗ್ರಾಮು ನಡೆಸಿದೆ. ಮುಗಿಯಲು ನಲವತ್ತು ನಿಮಿಷ ಹಿಡಿಯಿತು. ಈ ಸಲ ಎಲ್ಲವೂ ಕೂಡಿಬಂತು. ಒಲೆಯ ಕೊಳವೆ ಬಚ್ಚಲಿನ ಗಾಳಿ ಎಳೆಯುತ್ತದೆ, ಬಚ್ಚಲು ಬಾಣಂತಿ ಕೋಣೆಯಿಂದ ಎಳೆಯುತ್ತದೆ. ಕೋಣೆಗೆ ಬೇರೆ ದಾರಿಯಿಲ್ಲದೆ ಅದು ಅಟ್ಟದ ಬಾಯಿಯಿಂದ ಎಳೆಯುತ್ತದೆ, ಅಟ್ಟ ನಡುಗೋಡೆಯ ಮೇಲಿಂದ ಗೋಡೌನಿನ ಗಾಳಿಯನ್ನು. ಒಂದೇ ಡಬ್ಬಿ ಸಾಕಾಗಿತ್ತು. ನಡುಮನೆ ಆ ದಾರಿಯಲ್ಲಿ ಇರಲಿಲ್ಲ. ಅಲ್ಲಿಗೆ ಹಲಗೆಯ ಬಿರುಕಿನಿಂದ ಇಳಿದದ್ದು ವಾಂತಿಗೆ ಸಾಲುವಷ್ಟು, ಸಾವಿಗಲ್ಲ. ಮೂರು ಡಬ್ಬಿ ಕೊಟ್ಟು ನೋಡಿದೆ. ಆಗ ನಡುಮನೆಯಲ್ಲಿ ಮಲಗಿದ್ದವರೂ ಬದುಕುವಂತಿರಲಿಲ್ಲ. ಅಮ್ಮ ಇನ್ನೂ ಇದ್ದಾರೆ ಎಂಬುದೇ ಪಾಲಾಕ್ಷ ಸುಳ್ಳು ಹೇಳಿಲ್ಲ ಎಂಬುದಕ್ಕೆ ಸಾಕ್ಷಿ. ಆ ಸಾಕ್ಷಿ ನಿಲ್ಲಬೇಕಾದರೆ ಕಿಟಕಿಗೆ ತುರುಕಿದ ಪಂಚೆ, ಬಾಗಿಲಿನ ಗೋಣಿತಾಟು, ಕೊರಡು ತುಂಬಿದ ಒಲೆ, ಎಲ್ಲವನ್ನೂ ಹೇಳಬೇಕು.

ಒಂದು ಕಿಟಕಿಯನ್ನು ನಾಲ್ಕು ಬೆರಳು ತೆರೆದು ಕೂಡ ನಡೆಸಿದೆ. ಯಾರೂ ಕೇಳಿರಲಿಲ್ಲ, ಆದರೂ ನಡೆಸಿದೆ. ಕೊಳವೆಗೆ ಬೇಕಾದ ಗಾಳಿಯ ಬಹುಪಾಲು ಕಿಟಕಿಯಿಂದಲೇ ಬಂತು. ಕಂಪ್ಯೂಟರಿನಲ್ಲಿ ಹಂಸ, ಮಗು ಇಬ್ಬರೂ ಉಳಿದರು.

ಪ್ರಿಂಟು ತೆಗೆದು ಡ್ರಾಯರಿಗೆ ಹಾಕಿ ಬೀಗ ಹಾಕಿದೆ. ಎರಡು ತಿಂಗಳು ಆ ಪ್ರಿಂಟನ್ನು ಹೊರಗೆ ತೆಗೆಯಲಿಲ್ಲ. ಸಬ್‌ಇನ್ಸ್‌ಪೆಕ್ಟರು ಫೋನು ಮಾಡಿದಾಗ ಲೆಕ್ಕ ಕೂಡಿಬರುತ್ತಿಲ್ಲ ಎಂದೆ. ಅಷ್ಟರಲ್ಲಿ ಚಾರ್ಜ್‌ಷೀಟು ಆಯಿತು. ಚಂದ್ರಶೇಖರಯ್ಯ ಅದರಲ್ಲಿ ಸಾಕ್ಷಿ, ಪಾಲಾಕ್ಷ ಒಬ್ಬನೇ ಆರೋಪಿ. ಅವನಿಗೆ ಯಾರೂ ಕೂಲಿ ಕೊಡುತ್ತಿಲ್ಲ, ಹೆಂಡತಿ ಮಕ್ಕಳನ್ನು ಕರೆದುಕೊಂಡು ಅರಕಲಗೂಡಿನ ತವರಿಗೆ ಹೋಗಿದ್ದಾಳೆ ಎಂದು ಅವನ ವಕೀಲ ಪರಮಶಿವಯ್ಯ ಹೇಳಿದರು. ಅವರು ನನ್ನನ್ನು ಹುಡುಕಿಕೊಂಡು ಬಂದದ್ದಲ್ಲ. ಡಿಸೆಂಬರಿನಲ್ಲಿ ನಾನೇ ಅವರ ಆಫೀಸಿಗೆ ಹೋದೆ. ಯಾವ ದಿನ ಮನಸ್ಸು ಮಾಡಿದೆ ಎಂದು ಕೇಳಿದರೆ ಹೇಳಲಾರೆ. ಡ್ರಾಯರು ತೆಗೆಯುವಾಗಲೆಲ್ಲ ಕೀಲಿಕೈ ಹುಡುಕುವುದು ಸಾಕಾಗಿತ್ತು ಎನ್ನಬಹುದು.

ಪರಮಶಿವಯ್ಯ ವರದಿಯನ್ನು ಓದಿ ಕನ್ನಡಕ ತೆಗೆದರು. "ಮೇಷ್ಟ್ರೇ, ಇದು ಬರೀ ಮಿಸಿನ್ನಿನ ಮಾತು. ಕಿಟಕಿ ಮುಚ್ಚಿದ್ದು ಯಾರು, ಒಲೆ ಹಚ್ಚಿದ್ದು ಯಾರು, ಅವರ ಸಹಿ ಹೇಳಿಕೆ ಬೇಕು. ಅವರು ಕಟಕಟೆಗೂ ಬರಬೇಕು."

"ಅವರು ನಮ್ಮ ತಾಯಿ."

"ಗೊತ್ತು. ಅದಕ್ಕೇ ನೀವೇ ತಕ್ಕೊಂಡೋಗಿ. ನಾನು ಹೋದ್ರೆ ಸರಿಯಿರಲ್ಲ."

ಅಮ್ಮ ಜಗುಲಿಯ ಬಿಸಿಲಿನಲ್ಲಿ ಕೂತು ಓದಿದರು. ಓದದೆ ಸಹಿ ಹಾಕುವುದು ಅವರ ಜನ್ಮದಲ್ಲಿಲ್ಲ. ವರದಿ ಎಂಟು ಪುಟ, ಹೇಳಿಕೆ ಒಂದು ಪುಟ. ಕೆಂಪು ಪೆನ್ನು ತರಲು ಹೇಳಿದರು. ನಾನು ಎದುರಿಗೆ ಕಂಬಕ್ಕೊರಗಿ ನಿಂತಿದ್ದೆ. ಮೂರನೆಯ ಪುಟ ಮುಗಿಯುವ ಹೊತ್ತಿಗೆ ಅವರಿಗೆ ಎಲ್ಲ ತಿಳಿದುಹೋಗಿತ್ತು ಎಂದು ನನಗೆ ಗೊತ್ತಾಯಿತು, ಏಕೆಂದರೆ ಓದುವಾಗ ಅಲುಗುವ ಅವರ ತುಟಿ ನಿಂತಿತು. ಆದರೂ ಪುಟ ತಿರುಗಿಸಿದರು.

"ಇಲ್ಲಿ ತಪ್ಪಿದೆ," ಎಂದರು ಸ್ವಲ್ಪ ಹೊತ್ತಿನ ಮೇಲೆ.

"ಎಲ್ಲಿ?"

"ಅಟ್ಟದ ಬಾಯಿ ಸದಾ ತೆರೆದಿರುತ್ತೆ ಅಂತ ಬರ್ದಿದೀಯ. ಸದಾ ಎಲ್ಲಿ ತೆರೆದಿರುತ್ತೆ? ಹಲಗೆ ಮುಚ್ಚಿರುತ್ತೆ. ಅವತ್ತು ಬೆಳಿಗ್ಗೆ ಕೊರಡು ಇಳಿಸೋಕೆ ನಾನೇ ತೆಗೆದೆ. ಏಣಿಯಿಂದ ಇಳಿಯೋವಾಗ ಮಂಡಿ ನೋವು, ಮತ್ತೆ ಹತ್ತಿ ಮುಚ್ಚಲಿಲ್ಲ."

"ಅಮ್ಮ, ಅಷ್ಟೊಂದು ಬೇಡ. ಅದರಿಂದ ಕೇಸಿಗೆ—"

"ಸರಿ ಇಲ್ಲದ್ದಕ್ಕೆ ಸಹಿ ಹಾಕು ಅಂತೀಯಾ?" ಕೆಂಪು ಪೆನ್ನಿನಿಂದ 'ಸದಾ' ಎಂಬುದನ್ನು ಹೊಡೆದು, ಮೇಲೆ ಸಣ್ಣ ಅಕ್ಷರದಲ್ಲಿ 'ಆ ದಿನ ಬೆಳಿಗ್ಗೆ ನಾನು ತೆಗೆದೆ' ಎಂದು ಬರೆದು, ಪಕ್ಕದಲ್ಲಿ ಚಿಕ್ಕ ಸಹಿ ಮಾಡಿದರು.

ಪಾಲಾಕ್ಷ ಮಾತ್ರೆ ಇಟ್ಟ ಹಿಂದಿನ ಎರಡು ಸಲ ಆ ಹಲಗೆ ಮುಚ್ಚಿತ್ತು, ಒಲೆಯೂ ಹೀಗೆ ಉರಿದಿರಲಿಲ್ಲ. ಅದನ್ನು ಅಮ್ಮನಿಗೆ ಹೇಳುವ ಅಗತ್ಯವಿರಲಿಲ್ಲ.

ಅವರು ಕೊನೆಯ ಪುಟದವರೆಗೂ ಓದಿ ಮತ್ತೆ ಹಿಂದಕ್ಕೆ ತಿರುಗಿಸಿ, ಗ್ರಾಫ್ ಇದ್ದ ಪುಟ ತೆಗೆದರು. ಬಾಣಂತಿ ಕೋಣೆಯಲ್ಲಿ ವಿಷಗಾಳಿ ಗಂಟೆಗಂಟೆಗೂ ಏರಿದ ವಕ್ರರೇಖೆ ಅದು.

"ನಾನು ಎರಡು ಗಂಟೆಗೆ ಒಂದು ಸಲ ಬಾಗಿಲು ತೆಗೆದು ನೋಡಿದ್ದೆ," ಎಂದರು. "ಇದನ್ನ ಯಾರಿಗೂ ಹೇಳಿಲ್ಲ. ಮಗು ಸ್ವಲ್ಪ ಕುಂಯ್‌ಗುಟ್ಟಿತು. ಹಂಸ ಕಣ್ಣು ಬಿಟ್ಟು ಏನೋ ಅಂದಳು. ಬೆವರು ಬರ್ತಿದೆ, ಮಲಕ್ಕೋ ಅಂತ ಹೇಳಿ ಬಾಗಿಲು ಹಾಕ್ಕೊಂಡು ಬಂದೆ. ಗೋಣಿತಾಟು ಮತ್ತೆ ಸರಿಯಾಗಿ ಇಟ್ಟೆ."

ಅವರ ಕಣ್ಣು ಗ್ರಾಫಿನ ಮೇಲೆಯೇ ಇತ್ತು.

"ಆಗ ಹೊರಗೆ ಕರ್ಕೊಂಡು ಬಂದಿದ್ರೆ?"

"ಅದು ಈ ಲೆಕ್ಕದಲ್ಲಿ ಬರಲ್ಲಮ್ಮ."

ಅವರು ಕತ್ತೆತ್ತಿ ನೋಡಿದರು. ಹೋಮ್‌ವರ್ಕ್ ಮಾಡದೆ ಪುಸ್ತಕ ಮರೆತೆ ಎನ್ನುವ ಹುಡುಗರನ್ನು ನೋಡುತ್ತಿದ್ದ ನೋಟ. ಆಮೇಲೆ ಬೆರಳನ್ನು ಗ್ರಾಫಿನ ಕೆಳಗಿನ ಗೆರೆಯಲ್ಲಿ ಎರಡರ ಮೇಲಿಟ್ಟು, ನೇರ ಮೇಲಕ್ಕೆ ಒಯ್ದು, ವಕ್ರರೇಖೆಯನ್ನು ಮುಟ್ಟಿದ ಕಡೆ ನಿಲ್ಲಿಸಿದರು.

"ಈ ಚುಕ್ಕಿ ಗೆರೆ ಯಾವುದು?"

"ಅದನ್ನ ದಾಟಿದ ಮೇಲೆ ಉಳಿಯೋದು ಕಷ್ಟ."

"ಗೆರೆಯ ಕೆಳಗೇ ಇದಾರೆ," ಎಂದರು.

ಬೀದಿಯಲ್ಲಿ ಯಾರೋ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದರು. ಅಮ್ಮ ಬಹಳ ಹೊತ್ತು ಬೆರಳು ತೆಗೆಯಲಿಲ್ಲ. ನಾನು ಪಕ್ಕದಲ್ಲಿ ಕೂರಲು ಹೋದೆ. ಬೇಡ ಎಂದು ಕೈ ಅಡ್ಡ ಹಿಡಿದರು.

"ಇದಕ್ಕೆ ಸಹಿ ಹಾಕಿದ್ರೆ ಆ ಪಾಲಾಕ್ಷ ಬಿಡುಗಡೆ ಆಗ್ತಾನೇನೋ?"

"ಆಗಬಹುದು. ಖಾತ್ರಿ ಇಲ್ಲ. ಚಂದ್ರಶೇಖರಯ್ಯ ದೊಡ್ಡ ವಕೀಲರನ್ನ ಹಿಡಿತಾನೆ. ಹೆತ್ತ ತಾಯೇ ಕೊಂದಳು ಅಂತ ಕೋರ್ಟಲ್ಲಿ ಅನ್ನಿಸ್ತಾನೆ."

"ಅನ್ನಲಿ." ಹೇಳಿಕೆಯ ಕೆಳಗೆ ಪೂರ್ತಿ ಹೆಸರು, ನಿವೃತ್ತ ಸಹಶಿಕ್ಷಕಿ, ತಾರೀಖು ಬರೆದರು. ಅಕ್ಷರ ಎಂದಿನಂತೆ ದುಂಡಗಿತ್ತು. "ಕಟಕಟೆಯಲ್ಲಿ ಎರಡು ಗಂಟೆಯದ್ದೂ ಕೇಳ್ತಾರಾ?"

"ಅದು ಯಾರಿಗೂ ಗೊತ್ತಿಲ್ಲ. ಕೇಳಲ್ಲ."

"ಕೇಳದಿದ್ರೂ ಹೇಳ್ತೀನಿ," ಎಂದು ಅಮ್ಮ ಕಾಗದಗಳನ್ನು ಪುಟದ ಕ್ರಮದಲ್ಲಿ ಜೋಡಿಸಿ ನನ್ನ ಕೈಗೆ ಕೊಟ್ಟರು.